ಒದ್ದೆಯಾಗಿ ಬಂದ ಟೇಪು

ಉಚ್ಚಂಗೆಮ್ಮನಿಗೆ ಹೇಸಿಗೆ ಜಾಸ್ತಿ ಎಂಬುದು ಅವಳ ತವರು ಸಿರಿಗೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರಾದರೂ ಬಾಯಿ ಹಚ್ಚಿದ ಚರಿಗೆಯಿಂದ ಅವಳು ನೀರು ಕುಡಿಯುತ್ತಿರಲಿಲ್ಲ. ಪಲ್ಯದಲ್ಲಿ ಒಂದು ಕೂದಲು ಕಂಡರೆ ಆ ಹೊತ್ತಿನ ಊಟ ಅಲ್ಲಿಗೇ ಮುಗಿಯಿತು. ತಂಗಿಯರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದರು. ಹಬ್ಬದ ದಿನ ಅವಳ ತಟ್ಟೆಯ ಪಕ್ಕ ಕೂತು ಒಮ್ಮೆ ಜೋರಾಗಿ ಸೀನಿದರೆ ಸಾಕು, ಅವಳ ಪಾಲಿನ ಹೋಳಿಗೆ ಅವರದಾಗುತ್ತಿತ್ತು. ಇಂಥವಳು ಕೊಟ್ಟ ಮನೆಯಲ್ಲಿ ಹೇಗೆ ಬಾಳ್ವೆ ಮಾಡುತ್ತಾಳೋ ಎಂದು ತಾಯಿ ಹಣೆ ಬಡಿದುಕೊಳ್ಳುತ್ತಿದ್ದಳು.

ಕೊಟ್ಟದ್ದು ಸಿರುಗುಪ್ಪಕ್ಕೆ, ಲಾರಿ ಓಡಿಸುವ ಗಾದೆಪ್ಪನಿಗೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅತ್ತೆ ಪಕ್ಕೀರಮ್ಮನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಒಂದಕ್ಕೆ ಎರಡಕ್ಕೆ ಎಲ್ಲ ಹಾಸಿಗೆಯಲ್ಲೇ. ಸೊಸೆ ಇನ್ನೇನು ತವರಿನ ಬಸ್ಸು ಹತ್ತುತ್ತಾಳೆ ಎಂದು ಓಣಿಯವರು ಕಾದರು. ಅವಳು ಹತ್ತಲಿಲ್ಲ. ಬೆಳಿಗ್ಗೆ ಎದ್ದು ಅತ್ತೆಯ ಬಟ್ಟೆ ಬದಲಿಸಿ, ಮೈ ಒರೆಸಿ, ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿ, ಕೈ ತೊಳೆದು ಬಂದು ರೊಟ್ಟಿ ಬಡಿಯುತ್ತಿದ್ದಳು. ಆ ಮುದುಕಿ ಜೀವ ಹಿಡಿದಿರುವವರೆಗೂ ಹೀಗೇ ನಡೆಯಿತು. ಪಕ್ಕದ ಮನೆಯ ಪಂಪಾವತಿ ಒಂದು ಸಲ ತಡೆಯಲಾರದೆ, ಸಾರಿನಲ್ಲಿ ಕೂದಲು ಕಂಡರೆ ಎದ್ದುಹೋಗುವವಳಿಗೆ ಇದು ಹೇಸಿಗೆ ಅನ್ನಿಸುವುದಿಲ್ಲವೇ ಎಂದು ಕೇಳಿಯೇಬಿಟ್ಟಳು.

"ಆಕಿ ಏನು ಬೇಕಂತ ಮಾಡ್ತಾಳೇನು?" ಎಂದಳು ಉಚ್ಚಂಗೆಮ್ಮ. ಅಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಅತ್ತೆ ತೀರಿಕೊಂಡ ಮೇಲೆ ಗಾದೆಪ್ಪನಿಗೆ ಕುರುಗೋಡಿನ ಗುಡ್ಡದ ಮಗ್ಗುಲಲ್ಲಿದ್ದ ಒಂದು ಕಲ್ಲು ಕ್ವಾರಿಯಲ್ಲಿ ಟಿಪ್ಪರ್ ಓಡಿಸುವ ಕೆಲಸ ಸಿಕ್ಕಿತು. ಗಂಡ ಹೆಂಡತಿ ಕುರುಗೋಡಿಗೆ ಬಂದು ಬಾಡಿಗೆ ಮನೆ ಹಿಡಿದರು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ತೌಡು ಜರಡಿ ಹಿಡಿಯುತ್ತಿದ್ದವಳಿಗೆ ಸುಮ್ಮನೆ ಕೂರುವುದು ಆಗಲಿಲ್ಲ. ಕ್ವಾರಿಯಲ್ಲಿ ಕೂಲಿಯವರಿಗೆ ನೀರು ಕೊಡುವ ಕೆಲಸಕ್ಕೆ ಸೇರಿದಳು. ಒಬ್ಬೊಬ್ಬರು ಕುಡಿದ ಮೇಲೂ ಲೋಟ ತಿಕ್ಕಿ ತೊಳೆದೇ ಮತ್ತೊಬ್ಬರಿಗೆ ಕೊಡುತ್ತಿದ್ದ ಅವಳನ್ನು ನೋಡಿ, ಬಂಡೆ ಸಿಡಿಸುವ ಮದ್ದಿನ ಮೇಸ್ತ್ರಿ ಎರ್ರಣ್ಣ ಒಂದು ದಿನ ಕರೆದು, ಕುಳಿ ಅಳೆಯುವುದನ್ನು ಕಲಿಯುತ್ತೀಯಾ ಎಂದು ಕೇಳಿದ. ಅಳೆಯುತ್ತಿದ್ದವನು ಕೆಲಸ ಬಿಟ್ಟು ಹೋಗಿದ್ದ.

ಕೆಲಸ ಕಷ್ಟದ್ದಲ್ಲ, ಆದರೆ ಹಗುರವಾಗಿ ನೋಡುವಂಥದ್ದೂ ಅಲ್ಲ. ಬಂಡೆಯ ನೆತ್ತಿಯ ಮೇಲೆ ಡ್ರಿಲ್ ಗಾಡಿ ನಿಂತು ಸಾಲಾಗಿ ಕುಳಿ ಕೊರೆಯುತ್ತದೆ. ಒಂದೊಂದೂ ಅಂಗೈ ಅಗಲ, ಆಳ ಇಪ್ಪತ್ತು ಅಡಿ. ಅದರೊಳಗೆ ಎರ್ರಣ್ಣ ಮದ್ದು ತುಂಬಿ, ಮೇಲಿನ ಭಾಗಕ್ಕೆ ಕಲ್ಲಿನ ಪುಡಿ ಗಿಡಿದು ಸಿಡಿಸುತ್ತಾನೆ. ಕುಳಿ ಎಷ್ಟು ಆಳವೋ ಅದಕ್ಕೆ ತಕ್ಕಷ್ಟೇ ಮದ್ದು. ಆಳ ಕಡಿಮೆ ಇದ್ದು ಮದ್ದು ಹೆಚ್ಚಾದರೆ ಅದು ಬಾಯಿಯ ತನಕ ಏರಿ ಬರುತ್ತದೆ; ಆಗ ಬಂಡೆ ಒಡೆದು ಕೆಳಗೆ ಕುಸಿಯುವ ಬದಲು ಕಲ್ಲುಗಳು ಮುಗಿಲಿಗೆ ಹಾರುತ್ತವೆ. ಹಾಗಾಗಿ ಮದ್ದು ತುಂಬುವ ಮುಂಚೆ ಪ್ರತಿ ಕುಳಿಗೂ ತುದಿಯಲ್ಲಿ ಕಬ್ಬಿಣದ ಗುಂಡು ಕಟ್ಟಿದ ಟೇಪು ಬಿಟ್ಟು ಅಳೆಯಬೇಕು. ಗುಂಡು ತಳ ಮುಟ್ಟಿದ ಕ್ಷಣ ಟೇಪಿನ ಭಾರ ಬೆರಳಿನಿಂದ ಇಳಿದುಹೋಗುತ್ತದೆ. ಒಮ್ಮೆ ಎತ್ತಿ ಮತ್ತೆ ಬಿಟ್ಟು, ತಳದಲ್ಲಿರುವುದು ಬಂಡೆಯೋ ಬರೀ ಪುಡಿಯೋ ನೋಡಿಕೊಂಡು, ಅಡಿಯ ಲೆಕ್ಕವನ್ನು ಪಕ್ಕದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆಯಬೇಕು. ಎರ್ರಣ್ಣ ಆ ಅಂಕಿ ನೋಡಿಯೇ ಮದ್ದು ಇಳಿಸುತ್ತಿದ್ದ.

ಉಚ್ಚಂಗೆಮ್ಮನಿಗೆ ಈ ಕೆಲಸ ಹಿಡಿಸಿತು. ಹೊಸದಾಗಿ ಕೊರೆದ ಕುಳಿಯಿಂದ ಬರುವ ಸುಟ್ಟ ಕಲ್ಲಿನ ವಾಸನೆ ಅವಳಿಗೆ ಇಷ್ಟ. ಆ ಬಂಡೆ ಹುಟ್ಟಿದಾಗಿನಿಂದ ಅದರ ಒಳಗನ್ನು ಯಾರೂ ಕಂಡಿಲ್ಲ, ಯಾರ ಕೈಯೂ ಯಾರ ಬಾಯಿಯೂ ಅದನ್ನು ಮುಟ್ಟಿಲ್ಲ. ಟೇಪು ಮೇಲೆ ಬಂದಾಗ ಬೆರಳಿಗೆ ಹತ್ತುತ್ತಿದ್ದ ಬೂದು ಪುಡಿ ಗೋಧಿ ಹಿಟ್ಟಿನಷ್ಟು ನುಣುಪಾಗಿರುತ್ತಿತ್ತು. ಇದಕ್ಕಿಂತ ಚೊಕ್ಕ ಜಾಗ ಊರಲ್ಲಿ ಎಲ್ಲೂ ಇಲ್ಲ ಎಂದು ಅವಳು ಗಂಡನ ಮುಂದೆ ಹೇಳಿಕೊಂಡು ನಕ್ಕಿದ್ದಳು. ಎರ್ರಣ್ಣ ಅವಳನ್ನು ತಂಗೀ ಎಂದು ಕರೆಯುತ್ತಿದ್ದ, ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಮೂರು ಮಳೆಗಾಲ ಹೀಗೇ ಕಳೆಯಿತು.

ಆಮೇಲೆ ಕೊರೆಯುವ ಕೆಲಸ ಬೇರೆ ಗುತ್ತಿಗೆದಾರನ ಕೈಗೆ ಹೋಯಿತು. ಅವನ ಡ್ರಿಲ್ ಗಾಡಿಯ ಜೊತೆ ಹುಲುಗೇಶನೆಂಬ ಆಪರೇಟರು ಮತ್ತು ಅವನ ಇಬ್ಬರು ಗೆಳೆಯರು ಬಂದರು. ಮೂವರ ಬಾಯಲ್ಲೂ ಸದಾ ಗುಟ್ಕಾ. ಕೊರೆದ ಅಡಿಗೆ ಇಷ್ಟು ಎಂದು ಅವರಿಗೆ ಕೂಲಿ. ಮೊದಲ ವಾರವೇ ಉಚ್ಚಂಗೆಮ್ಮ ಟೇಪು ಬಿಟ್ಟರೆ ಹದಿನೈದು, ಹದಿನಾರು ಅಡಿಗೆ ಗುಂಡು ನಿಂತಿತು. ಪುಡಿ ಒಳಗೆ ಕುಸಿದಿದೆ ಎಂದ ಹುಲುಗೇಶ. ಅವಳು ಗುಂಡನ್ನು ಎತ್ತಿ ಕುಟ್ಟಿ ನೋಡಿದಳು. ತಳದಲ್ಲಿ ಗಟ್ಟಿ ಬಂಡೆ. ಇದ್ದದ್ದನ್ನೇ ಬರೆದಳು. ಎರ್ರಣ್ಣ ಹುಲುಗೇಶನನ್ನು ಕರೆದು ಬೈದು, ಆ ಸಾಲನ್ನೆಲ್ಲ ಮತ್ತೆ ಕೊರೆಸಿದ.

ಅದಾದ ಎರಡು ದಿನಕ್ಕೆ ಟೇಪು ಒದ್ದೆಯಾಗಿ ಮೇಲೆ ಬಂತು.

ಮೊದಲು ಅವಳು ಅದನ್ನು ನೀರೆಂದುಕೊಂಡಳು. ಆ ಗುಡ್ಡದಲ್ಲಿ ಕೆಲವು ಕಡೆ ಬಂಡೆಯೊಳಗೆ ಜಿನುಗು ಇರುತ್ತದೆ. ಎಂದಿನಂತೆ ಟೇಪನ್ನು ಬೆರಳ ಸಂದಿಯಲ್ಲಿ ಹಿಡಿದು ಒರೆಸುತ್ತ ಸುತ್ತಿಕೊಂಡಳು. ಕಾದ ಕಲ್ಲಿನಿಂದ ವಾಸನೆ ಎದ್ದು ಮೂಗಿಗೆ ಬಡಿದಾಗ ಅದು ಏನೆಂದು ಗೊತ್ತಾಯಿತು. ಕೈ ಮಣಿಕಟ್ಟಿನ ತನಕ ಉಚ್ಚೆ. ಡ್ರಿಲ್ ಗಾಡಿಯ ಕಂಪ್ರೆಸರ್ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ಟೇಪನ್ನು ಅಲ್ಲೇ ಬಿಸುಟು, ಬಂಡೆಯ ಅಂಚಿಗೆ ಓಡಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿದಳು. ಆ ದಿನ ಮನೆಗೆ ಹೋಗಿ ಬಟ್ಟೆ ಸಾಬೂನು ಹಾಕಿ ಉಜ್ಜಿದರೂ ಕೈ ತನ್ನದೆನ್ನಿಸಲಿಲ್ಲ. ಆ ಕೈಯಿಂದ ಹಿಟ್ಟು ಕಲಸಲಾರದೆ ಗಂಡನಿಗೆ ಹೋಟೆಲಿನಿಂದ ಇಡ್ಲಿ ತರಲು ಹೇಳಿದಳು.

ಅಲ್ಲಿಂದ ದಿನವೂ ಒಂದೊಂದು ಶುರುವಾಯಿತು. ಒಂದು ಕುಳಿಯಲ್ಲಿ ಗುಟ್ಕಾ ಉಗುಳು, ಇನ್ನೊಂದರಲ್ಲಿ ಹಳಸಿದ ಮೊಟ್ಟೆ ಸಾರು. ಟೇಪು ಅಂಟಂಟಾಗಿ, ಕೆಂಪಾಗಿ, ನಾರುತ್ತ ಮೇಲೆ ಬರುತ್ತಿತ್ತು. ಒಂದು ದಿನ ಗುಂಡಿಗೆ ಹತ್ತಿಕೊಂಡು ಬಂದದ್ದನ್ನು ಅವಳು ಯಾರ ಮುಂದೆಯೂ ಹೆಸರು ಹಿಡಿದು ಹೇಳಲಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅಳೆದಳು. ಚೀಲ ಕಟ್ಟಿದರೆ ಗುಂಡು ತಳ ಮುಟ್ಟಿದ್ದು ಬೆರಳಿಗೆ ತಿಳಿಯುತ್ತಿರಲಿಲ್ಲ. ಬಿಚ್ಚಿದರೆ ಟೇಪು ಮುಟ್ಟಲಾಗುತ್ತಿರಲಿಲ್ಲ. ಮಧ್ಯಾಹ್ನದ ಬುತ್ತಿ ಹಾಗೇ ಮನೆಗೆ ವಾಪಸಾಗತೊಡಗಿತು. ಹುಲುಗೇಶನನ್ನು ದೂರದಿಂದ ಕಂಡರೂ ಬಾಯಲ್ಲಿ ನೀರು ತುಂಬಿ ವಾಕರಿಕೆ ಬರುತ್ತಿತ್ತು.

ಗಂಡನಿಗೆ ಹೇಳಿದಾಗ ಗಾದೆಪ್ಪ ಮೊದಲು ಸಿಟ್ಟಾದ, ಆಮೇಲೆ ಯೋಚನೆ ಮಾಡಿ, ಗಂಡಸರು ಕೆಲಸ ಮಾಡುವ ಜಾಗದಲ್ಲಿ ಇವೆಲ್ಲ ಇದ್ದದ್ದೇ, ನೀರು ಕೊಡುವ ಕೆಲಸಕ್ಕೇ ವಾಪಸು ಹೋಗು ಎಂದ. ಎರ್ರಣ್ಣನಿಗೆ ಹೇಳೋಣವೆಂದರೆ, ಅಣ್ಣ ಎಂದು ಕರೆದವನ ಮುಂದೆ ಆ ಮಾತು ನಾಲಿಗೆಯಿಂದ ಹೊರಡಲಿಲ್ಲ. ಕೊನೆಗೆ ಮ್ಯಾನೇಜರ್ ಅನಂತನ ಹತ್ತಿರ ಹೋದಳು. ಅನಂತ ಬಳ್ಳಾರಿಯಿಂದ ದಿನಾ ಕಾರಿನಲ್ಲಿ ಬಂದು ಹೋಗುವವನು. ಬಲು ಶುಚಿಯ ಮನುಷ್ಯ. ಕುಡಿಯುವ ನೀರು, ಊಟ, ಕೂರುವ ಕುರ್ಚಿಯ ಮೇಲೆ ಹಾಸುವ ಟವೆಲ್ಲು ಎಲ್ಲ ಮನೆಯಿಂದಲೇ ತರುತ್ತಿದ್ದ. ಯಾರಾದರೂ ಕಾಗದ ಕೊಟ್ಟರೆ ತೆಗೆದುಕೊಂಡು, ಜೇಬಿನ ಬಾಟಲಿಯಿಂದ ಎರಡು ಹನಿ ಹಾಕಿ ಕೈ ಉಜ್ಜಿಕೊಳ್ಳುತ್ತಿದ್ದ. ತನ್ನ ಸಂಕಟ ಇವನಿಗೆ ಅರ್ಥವಾಗುತ್ತದೆ ಎಂದುಕೊಂಡಿದ್ದಳು ಅವಳು. ಅರ್ಧ ಹೇಳುವುದರೊಳಗೆ ಅನಂತ ಕರವಸ್ತ್ರ ಮೂಗಿಗೆ ಹಿಡಿದ.

"ಇಂಥವನ್ನೆಲ್ಲ ನನ್ನ ಮುಂದ ಹೇಳಬ್ಯಾಡಮ್ಮ. ನನಗ ಊಟ ಸೇರಂಗಿಲ್ಲ," ಎಂದು ಕೈ ಬೀಸಿ ಹೊರಗೆ ಕಳಿಸಿದ.

ಹುಲುಗೇಶನಿಗೆ ಈ ಸುದ್ದಿ ಮುಟ್ಟಿರಬೇಕು. ಮರುದಿನ ಅವನೇ ಅವಳ ಹತ್ತಿರ ಬಂದ. ಬಾಯಿಯ ತುಂಬ ಇದ್ದದ್ದನ್ನು ಪಕ್ಕಕ್ಕೆ ಪಿಚಕ್ಕೆಂದು ಉಗುಳಿ, ಬಹಳ ಮರ್ಯಾದೆಯಿಂದ ಮಾತಾಡಿದ. "ಅಕ್ಕಾ, ನಿನಗ ಅಷ್ಟು ಹೇಸಿಗಿ ಆಗ್ತಿದ್ರ ಟೇಪು ಯಾಕ ಬಿಡ್ತಿ? ಎಷ್ಟು ಕೊರ್ದೀನಿ ಅಂತ ನಾನು ಹೇಳ್ತೀನಿ. ನೀನು ಸುಮ್ನ ಬರಿ. ನಿನ್ನ ಕೈನೂ ಚೊಕ್ಕ ಇರ್ತೈತಿ."

ಆಗ ಅವಳಿಗೆ ಎಲ್ಲ ತಿಳಿಯಿತು. ಇದು ಪೋಲಿ ಹುಡುಗರ ಆಟ ಅಲ್ಲ. ಕೊರೆಯದ ಅಡಿಗೂ ಕೂಲಿ ಬರಲೆಂದು, ಅವಳು ಟೇಪು ಬಿಡದಂತೆ ಮಾಡುವುದಕ್ಕೇ ಇಷ್ಟು ದಿನ ಇದನ್ನೆಲ್ಲ ನಡೆಸಿದ್ದರು. ಅವಳು ಟೇಪು ಎತ್ತಿಕೊಂಡು ಮುಂದಿನ ಕುಳಿಗೆ ನಡೆದಳು. ಆ ದಿನವೂ ಮಾರನೆಯ ದಿನವೂ ಹಲ್ಲು ಕಚ್ಚಿ ಅಳೆದಳು. ಮೂರನೆಯ ದಿನ ಆಗಲಿಲ್ಲ.

ಅವತ್ತು ಮಧ್ಯಾಹ್ನ ಮೋಡ ಕವಿದಿತ್ತು. ಗುಡುಗು ಹತ್ತಿರವಾದರೆ ಮದ್ದಿನ ಕೆಲಸ ಮಾಡುವ ಹಾಗಿಲ್ಲವೆಂದು ಎಲ್ಲರೂ ಅವಸರದಲ್ಲಿದ್ದರು. ಮುಂಭಾಗದ ಸಾಲುಗಳನ್ನು ಅವಳು ಅಳೆದು ಮುಗಿಸಿದ್ದಳು. ಹಿಂಬದಿಯ ಕೊನೆಯ ಸಾಲಿನ ಮೊದಲ ಕುಳಿಗೆ ಟೇಪು ಬಿಟ್ಟು ಎತ್ತಿದಳು. ಬಂದದ್ದನ್ನು ಕಂಡು, ಅಡಿಯ ಲೆಕ್ಕ ನೋಡಲಾಗದೆ ಅಲ್ಲೇ ಕುಕ್ಕರಿಸಿದಳು. ಹೊಟ್ಟೆಯಲ್ಲಿ ಕಕ್ಕಲಿಕ್ಕೂ ಏನೂ ಇರಲಿಲ್ಲ. ಹುಲುಗೇಶ ಡ್ರಿಲ್ ಗಾಡಿಯ ಮೇಲಿಂದಲೇ, ಅವೆಲ್ಲ ಇಪ್ಪತ್ತು ಅಡಿ ಅಕ್ಕಾ ಎಂದು ಕೂಗಿ ಹೇಳಿದ. ಅವಳು ಎದ್ದು, ಟೇಪನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಒಂದೊಂದೇ ಕಲ್ಲಿನ ಮೇಲೆ ಇಪ್ಪತ್ತು, ಇಪ್ಪತ್ತು, ಇಪ್ಪತ್ತು ಎಂದು ಬರೆಯುತ್ತ ಸಾಲಿನ ಕೊನೆಯ ತನಕ ಹೋದಳು.

ಆ ಸಾಲಿನ ಕುಳಿಗಳು ಹದಿನಾಲ್ಕು ಅಡಿಯೂ ಇರಲಿಲ್ಲ ಎಂಬುದು ಆಮೇಲೆ ಗೊತ್ತಾದದ್ದು. ಎರ್ರಣ್ಣ ಮುಂದಿನ ಸಾಲುಗಳನ್ನು ತಾನೇ ತುಂಬಿ, ಹಿಂದಿನದನ್ನು ಆಳುಗಳಿಗೆ ಒಪ್ಪಿಸಿದ್ದ. ಅವರು ಇಪ್ಪತ್ತು ಅಡಿಯ ಲೆಕ್ಕದ ಮದ್ದನ್ನು ಇಳಿಸಿ, ಮೇಲೆ ಉಳಿದ ಗೇಣು ಜಾಗಕ್ಕೆ ಪುಡಿ ತುಂಬಿ, ಹನಿ ಬೀಳುವ ಮುಂಚೆ ಮುಗಿಸಿಬಿಟ್ಟರು. ಸೈರನ್ ಊದಿದರು. ಜನ ದೂರ ಸರಿದರು. ಸಿಡಿದಾಗ ಬಂಡೆ ಎಂದಿನಂತೆ ಮುಂದಕ್ಕೆ ಕುಸಿಯಿತು, ಆದರೆ ಹಿಂದಿನ ಸಾಲಿನಿಂದ ಕಲ್ಲುಗಳು ಹಕ್ಕಿಯ ಹಿಂಡಿನಂತೆ ಮೇಲೆದ್ದವು. ಯಾವತ್ತೂ ಕಲ್ಲು ಬಾರದ ಜಾಗ ಎಂದು ಎರ್ರಣ್ಣ ನಿಂತು ಸಿಡಿಸುವ ಗುಂಡಿ ಒತ್ತುತ್ತಿದ್ದ ತಗಡಿನ ಮರೆಯ ಮೇಲೆ ಒಂದು ಬಿತ್ತು. ತಗಡು ಹರಿದು ಅವನ ಎಡ ಹೆಗಲು ಪುಡಿಯಾಯಿತು.

ಅವನನ್ನು ಬಳ್ಳಾರಿಗೆ ಸಾಗಿಸಿದರು. ಮಾರನೆಯ ದಿನ ಅನಂತ ತನ್ನ ಕಾರಿನಲ್ಲಿ ಉಚ್ಚಂಗೆಮ್ಮನನ್ನು ಬಳ್ಳಾರಿಯ ಆಫೀಸಿಗೆ ಕರೆದುಕೊಂಡು ಹೋದ. ಹಿಂದಿನ ಸೀಟಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಅದರ ಮೇಲೆ ಕೂರಿಸಿದ. ಆಫೀಸಿನಲ್ಲಿ ಮಾಲೀಕರ ಕಡೆಯವರೊಬ್ಬರು ಇದ್ದರು. ಎಲ್ಲರಿಗೂ ಗಾಜಿನ ಲೋಟದಲ್ಲಿ ಬಾದಾಮಿ ಹಾಲು ಬಂತು, ಅವಳಿಗೆ ಕಾಗದದ ಕಪ್ಪಿನಲ್ಲಿ. ತನಿಖೆಗೆ ಅಧಿಕಾರಿಗಳು ಬರುತ್ತಾರೆ, ಎಲ್ಲ ಕುಳಿ ಅಳೆದಿದ್ದೆ ಎಂದು ಹೇಳು, ಬಂಡೆಯೊಳಗೆ ಬಿರುಕು ಇತ್ತು, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ ಎಂದು ಅವರು ನಯವಾಗಿ ತಿಳಿಹೇಳಿದರು. ಅಳೆದಿದ್ದೆಯಾ ಇಲ್ಲವಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದರೆ ಯಾಕೆ ಎಂದೂ ಕೇಳಬೇಕಾಗುತ್ತಿತ್ತು, ಆ ಮಾತು ಆ ತಣ್ಣನೆಯ ಕೋಣೆಯೊಳಗೆ ಬರುವುದು ಅವರಿಗೆ ಬೇಡವಾಗಿತ್ತು. ಅನಂತನ ಇಸ್ತ್ರಿ ಅಂಗಿ, ಉಜ್ಜಿ ಉಜ್ಜಿ ಬೆಳ್ಳಗಾದ ಬೆರಳುಗಳನ್ನು ನೋಡುತ್ತ ಕೂತ ಅವಳಿಗೆ ಕ್ವಾರಿಯಲ್ಲಿ ಬರುತ್ತಿದ್ದ ಅದೇ ವಾಕರಿಕೆ ಬಂತು. ಹಾಲು ಮುಟ್ಟದೆ ಎದ್ದಳು.

ಅಲ್ಲಿಂದ ಆಟೋ ಹಿಡಿದು ಆಸ್ಪತ್ರೆಗೆ ಹೋದಳು. ಎರ್ರಣ್ಣನ ಹೆಗಲಿಗೆ ದಪ್ಪ ಪಟ್ಟಿ ಕಟ್ಟಿದ್ದರು. ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು. ಅವನ ಹೆಂಡತಿ ಸ್ಟೂಲು ಬಿಟ್ಟುಕೊಟ್ಟು ಔಷಧ ತರಲು ಹೊರಗೆ ಹೋದಳು. ಅವನು ಸುತ್ತುಬಳಸಿ ಮಾತಾಡಲಿಲ್ಲ.

"ಹಿಂದಿನ ಸಾಲು ಅಳ್ದಿದ್ದೇನು ತಂಗಿ?"

"ಇಲ್ಲಣ್ಣ."

ಯಾಕೆ ಎಂದು ಕೇಳಿದ. ಇಷ್ಟು ದಿನ ನಾಲಿಗೆಯ ಮೇಲೆ ಬಾರದ್ದನ್ನೆಲ್ಲ ಅವಳು ಅವತ್ತು ಒಂದೂ ಬಿಡದೆ, ಹೆಸರು ಹಿಡಿದು ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ.

"ಅವರು ಉಚ್ಚಿ ಹೊಯ್ದ್ರು, ಖರೆ. ಆದ್ರ ನೀನು ಸುಳ್ಳು ಬರ್ದಿ," ಎಂದ ಕೊನೆಗೆ. "ಹೊಲಸಾಗೈತಿ, ಅಳಿಯಂಗಿಲ್ಲ ಅಂತ ಒಂದು ಮಾತು ಅಂದಿದ್ರ ನಾನು ಮದ್ದೇ ಇಳಸಾಕ ಬಿಡ್ತಿದ್ದಿಲ್ಲ. ನಾನು ನಂಬಿದ್ದು ನಿನ್ನ ಸೀಮೆಸುಣ್ಣಾನ." ಹಾಗೆಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ತಿರುಗಿಸುವಾಗ ಅವನ ಮೂಗು ಮೇಲುತುಟಿ ಸೊಟ್ಟಗಾದದ್ದನ್ನು ಅವಳು ಕಂಡಳು. ಅದು ಯಾವ ಮುಖ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಊರಿನ ಕಡೆಗೆಲ್ಲ ಅವಳು ಮಾಡಿಕೊಂಡು ಬಂದದ್ದು ಅದೇ ಮುಖ.

ಆಸ್ಪತ್ರೆಯ ಹೊರಗೆ ನಲ್ಲಿಯ ಹತ್ತಿರ ನಿಂತು ಸುಮ್ಮನೆ ಕೈ ತೊಳೆದಳು. ಕೈಗೆ ಏನೂ ಹತ್ತಿರಲಿಲ್ಲ. ಸೀಮೆಸುಣ್ಣದ ಪುಡಿ ಕೂಡ ಇರಲಿಲ್ಲ.

ಅಧಿಕಾರಿಗಳು ಬಂದು ಕೇಳಿದಾಗ ಅವಳು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಹುಲುಗೇಶ ಮಾಡಿದ್ದು, ಅನಂತ ಕೈ ಬೀಸಿದ್ದು, ತಾನು ಅಳೆಯದೆ ಇಪ್ಪತ್ತು ಬರೆದದ್ದು, ಬಳ್ಳಾರಿಯಲ್ಲಿ ಹಾಲು ಕೊಟ್ಟು ಕಲಿಸಿದ ಮಾತು, ಎಲ್ಲ. ಹುಲುಗೇಶ ಹಿಂದೆ ನಿಂತು ಚಪ್ಪಲಿಯಿಂದ ನೆಲ ಕೆರೆಯುತ್ತಿದ್ದ. ಅನಂತ ಕರವಸ್ತ್ರವನ್ನು ಬಾಯಿಂದ ತೆಗೆಯಲೇ ಇಲ್ಲ. ಕ್ವಾರಿಗೆ ಬೀಗ ಬಿತ್ತು. ಟಿಪ್ಪರುಗಳು ಸಾಲಾಗಿ ನಿಂತವು, ಗಾದೆಪ್ಪನದೂ ಸೇರಿ. ಇವಳೊಬ್ಬಳ ಬಾಯಿಂದ ಎಷ್ಟು ಮನೆಯ ಒಲೆ ಆರಿತು ಎಂದು ಓಣಿಯ ಹೆಂಗಸರು ಅವಳಿಗೆ ಕೇಳುವ ಹಾಗೇ ಮಾತಾಡಿಕೊಂಡರು. ಗಾದೆಪ್ಪ ಬೈಯಲಿಲ್ಲ; ಬಹಳ ದಿನ ಮಾತೇ ಆಡಲಿಲ್ಲ. ಅವನು ಸಿರುಗುಪ್ಪಕ್ಕೆ ಹೋಗಿ ಭತ್ತದ ಲಾರಿ ಓಡಿಸಿ ವಾರಕ್ಕೊಮ್ಮೆ ಬರುತ್ತಿದ್ದ.

ಸುಗ್ಗಿ ಮುಗಿಯುವ ಹೊತ್ತಿಗೆ ಕ್ವಾರಿ ಮತ್ತೆ ಶುರುವಾಯಿತು. ಡ್ರಿಲ್ಲಿನ ಸರಳು ಹೊರಗೆ ಬಂದ ಕೂಡಲೇ ಕುಳಿ ಅಳೆದು, ಅಲ್ಲೇ ಬಾಯಿಗೆ ಬಿರಡೆ ಬಡಿಯಬೇಕು ಎಂದು ಹೊಸ ಕಟ್ಟಳೆ ಆಯಿತು. ಎರ್ರಣ್ಣ ಒಂದು ಹೆಗಲು ತಗ್ಗಾಗಿ ಕೆಲಸಕ್ಕೆ ಬಂದ. ಅಳೆಯಲು ಬೇರೆಯವರನ್ನು ಇಡೋಣ ಎಂದು ಅನಂತ ಹೊರಟಾಗ ಎರ್ರಣ್ಣನೇ, ಅವಳೇ ಅಳೆಯಲಿ, ಇನ್ನು ಅವಳು ಸುಳ್ಳು ಬರೆಯುವುದಿಲ್ಲ ಎಂದನಂತೆ. ಅವಳು ಹೋದಳು. ಈಗ ಅವನು ತಂಗೀ ಎನ್ನುವುದಿಲ್ಲ. ಅಡಿ ಎಷ್ಟು ಎಂದು ಕೇಳುತ್ತಾನೆ, ಅವಳು ಹೇಳುತ್ತಾಳೆ, ಮುಂದಿನ ಕುಳಿಗೆ ಹೋಗುತ್ತಾರೆ. ಸರಳು ಕಿತ್ತ ಕೂಡಲೇ ಬಗ್ಗಿ ಅಳೆಯುವುದರಿಂದ ಕಲ್ಲಿನ ಧೂಳೆಲ್ಲ ಅವಳ ಮುಖಕ್ಕೇ ಹೊಡೆಯುತ್ತದೆ. ಸೆರಗನ್ನು ಎರಡು ಸುತ್ತು ಮೂಗಿಗೆ ಕಟ್ಟಿಕೊಂಡರೂ ಸಂಜೆಗೆ ಕೆಮ್ಮು. ಕ್ವಾರಿಯಲ್ಲಿ ಅವಳು ಊಟ ಮಾಡುವುದನ್ನು ಬಿಟ್ಟೇಬಿಟ್ಟಳು.

ಕೆಲಸ ಕಳೆದುಕೊಂಡು ಅಲೆದ ಹುಲುಗೇಶ ಯುಗಾದಿ ಕಳೆದ ಮೇಲೆ ಅದೇ ಗುತ್ತಿಗೆದಾರನ ಕಾಲು ಹಿಡಿದು ವಾಪಸು ಬಂದ. ಈಗ ಪೂರಾ ಇಪ್ಪತ್ತು ಅಡಿ ಕೊರೆಯುತ್ತಿದ್ದ. ಸರಳು ಕಿತ್ತು, ಗಾಡಿ ಹಿಂದಕ್ಕೆ ಸರಿಸಿ, ಅವಳು ಅಳೆಯುವ ತನಕ ಮುಖ ಬೇರೆ ಕಡೆ ಮಾಡಿ ನಿಲ್ಲುತ್ತಿದ್ದ. ಅವನು ಕೊರೆದ ಕುಳಿಗಳಿಂದ ಟೇಪು ಒದ್ದೆಯಿಲ್ಲದೆ, ಬೂದು ಪುಡಿ ಹತ್ತಿಸಿಕೊಂಡೇ ಬರುತ್ತಿತ್ತು. ಆದರೂ ಅವಳು ಬಟ್ಟೆಯ ತುಂಡಿನಲ್ಲಿ ಹಿಡಿಯದೆ ಅದನ್ನು ಸುತ್ತುತ್ತಿರಲಿಲ್ಲ.

ಒಂದು ಭಾನುವಾರ ಅವನು ಮನೆಯ ಬಾಗಿಲಿಗೇ ಬಂದ. ಕೈಯಲ್ಲಿ ಮೋಸಂಬಿಯ ಚೀಲ. ಗಾದೆಪ್ಪ ಒಳಗೆ ಬಾ ಎಂದ. ಹುಲುಗೇಶ ಒಳಗೆ ಬರಲಿಲ್ಲ. ಕಟ್ಟೆಯ ಹತ್ತಿರ ನಿಂತು, ತಪ್ಪಾಯಿತು, ಆಗ ಬುದ್ಧಿ ಇರಲಿಲ್ಲ, ನಿನ್ನ ತಮ್ಮ ಅಂತ ತಿಳಿದು ಮರೆತುಬಿಡು ಎಂದು ತಲೆ ತಗ್ಗಿಸಿ ಹೇಳಿದ. ಉಚ್ಚಂಗೆಮ್ಮ ಹೊಸ್ತಿಲ ಒಳಗೇ ನಿಂತಿದ್ದಳು.

"ಕೆಲಸಕ್ಕ ಬಾ. ನಾನು ಬ್ಯಾಡ ಅನ್ನಂಗಿಲ್ಲ," ಎಂದಳು. "ಆದ್ರ ನನ್ನ ಮನಿಗೆ ಬರಬ್ಯಾಡ."

ಅವನು ಚೀಲವನ್ನು ಕಟ್ಟೆಯ ಮೇಲೆ ಇಟ್ಟು ಹೋದ. ಅಷ್ಟು ದೂರದಿಂದ ಬಂದು ಕೈ ಮುಗಿದವನಿಗೆ ಒಂದು ಲೋಟ ನೀರಾದರೂ ಕೊಡಬಾರದಿತ್ತೇ ಎಂದು ಗಾದೆಪ್ಪ ಗೊಣಗಿದ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ನೋಡಿದರೆ ಗಂಡ ಕಟ್ಟೆಯ ಮೇಲೆ ಕೂತು ಒಂದು ಮೋಸಂಬಿ ಸುಲಿದು ತಿನ್ನುತ್ತಿದ್ದ. ಹಣ್ಣು ಏನು ಪಾಪ ಮಾಡಿದೆ, ಸಿಹಿಯಾಗಿದೆ, ಒಂದು ತೊಳೆ ತಗೋ ಎಂದ. ಅವಳು ಹಣ್ಣು ಮುಟ್ಟಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು, ಸಾಬೂನು ತಂದು ಅವನ ಮುಂದಿಟ್ಟಳು.

"ತಿಂದು ಕೈ ತೊಳ್ಕಂಡು ಒಳಗ ಬಾ," ಎಂದಳು. "ಬಾಯಿನೂ ತೊಳ್ಕ."